ಮಗುವಿಗೆ ಆಕ್ಯುಪೇಷನಲ್ ಥೆರಪಿ ಎಲ್ಲಿ, ಹೇಗೆ ಪಡೆಯಬಹುದು?

ಗುಂಡಿ ಹಾಕಿಕೊಳ್ಳುವುದು, ಪೆನ್ಸಿಲ್ ಹಿಡಿಯುವುದು, ತಾನೇ ಅನ್ನ ಕಲಸಿ ಉಣ್ಣುವುದು ಓರಗೆಯವರಿಗಿಂತ ನಿಮ್ಮ ಮಗುವಿಗೆ ತೀರ ಕಷ್ಟವಾಗುತ್ತಿದ್ದರೆ, ಮೊದಲು ಮಕ್ಕಳ ವೈದ್ಯರಿಂದ ಬೆಳವಣಿಗೆಯ ತಪಾಸಣೆ ಮಾಡಿಸಿ ಲಿಖಿತ ಶಿಫಾರಸು ಪಡೆಯಿರಿ. ಇಂಥ ದಿನನಿತ್ಯದ ಕೆಲಸಗಳನ್ನು ಮಗು ತಾನೇ ಮಾಡಿಕೊಳ್ಳುವಂತೆ ಅಭ್ಯಾಸ ಮಾಡಿಸುವ ಚಿಕಿತ್ಸೆಯೇ ಆಕ್ಯುಪೇಷನಲ್ ಥೆರಪಿ.

ಬಳಿಕ ಜಿಲ್ಲಾಸ್ಪತ್ರೆಯಲ್ಲಿ, ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ನೀಡುವ ಸರ್ಕಾರಿ ‘ಡಿಇಐಸಿ’ ಕೇಂದ್ರವನ್ನು ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ಗುರುತಿಸಲಾದ, 18 ವರ್ಷದವರೆಗಿನ ಮಕ್ಕಳನ್ನು ಇಲ್ಲಿಗೇ ಕಳುಹಿಸಲಾಗುತ್ತದೆ. ಆದರೆ ಥೆರಪಿಸ್ಟ್ ಹುದ್ದೆ ಭರ್ತಿಯಾಗಿದೆಯೇ ಎಂಬುದನ್ನು ಹೋಗುವ ಮುನ್ನವೇ ಕೇಳಿ ತಿಳಿಯುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿಯೂ ವಿಚಾರಿಸಬಹುದು.

ಖಾಸಗಿ ಕೇಂದ್ರವಾದರೆ, ಗೋಡೆಯ ಬಣ್ಣ, ಜೋಕಾಲಿಗಳಿಗಿಂತ ಥೆರಪಿಸ್ಟರ ವಿದ್ಯಾರ್ಹತೆಯನ್ನು ನೋಡಿ: ಆಕ್ಯುಪೇಷನಲ್ ಥೆರಪಿಯಲ್ಲಿ ಬಿಒಟಿ (ಪದವಿ) ಅಥವಾ ಎಂಒಟಿ (ಸ್ನಾತಕೋತ್ತರ ಪದವಿ) ಇರಬೇಕು. ಮುಂದಿನ ಮೂರು ತಿಂಗಳಲ್ಲಿ ಮಗು ಏನನ್ನು ಕಲಿಯಬೇಕೆಂಬ ಗುರಿಯನ್ನು ಬರೆದುಕೊಡುವರೇ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಹೆತ್ತವರಿಗೆ ಕಲಿಸುವರೇ, ಚಿಕಿತ್ಸೆಯ ವೇಳೆ ನೀವು ಒಳಗೆ ಕುಳಿತಿರಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಒಳಗೆ ಬಿಡಲು ಕಾರಣವಿಲ್ಲದೆ ನಿರಾಕರಿಸುವ, ಪೂರ್ತಿ ಗುಣಪಡಿಸುವ ಭರವಸೆ ನೀಡಿ ಮುಂಗಡ ಹಣ ಕಟ್ಟಿಸಿಕೊಳ್ಳುವ ಕೇಂದ್ರಗಳಿಂದ ದೂರವಿರುವುದೇ ಕ್ಷೇಮ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯದ ಪ್ರಮಾಣಪತ್ರವಿರುವ ಮಕ್ಕಳು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಸಲ್ಲಿಸಬಹುದು. ಅದರಲ್ಲಿ ಥೆರಪಿಯ ವೆಚ್ಚಕ್ಕೂ ಅವಕಾಶವಿರುವುದರಿಂದ ಪ್ರತಿಯೊಂದು ರಸೀದಿಯನ್ನೂ ಜೋಪಾನವಾಗಿಡಿ.