ಅಮ್ಮನ ಪಾಸ್‌ಪೋರ್ಟಿಗೆ ಮೊದಲು ಆಧಾರ್ ಸರಿಮಾಡಿಸಿದ್ದು

ಯಾವುದೇ ಅರ್ಜಿ ತುಂಬುವ ಮೊದಲು ಮನೆಯಲ್ಲಿರುವ ಅಷ್ಟೂ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರಬೇಕು. ತಂಗಿಯ ಬಾಣಂತನಕ್ಕೆ ಅಮ್ಮನನ್ನು ವಿದೇಶಕ್ಕೆ ಕಳಿಸಬೇಕು, ಪಾಸ್‌ಪೋರ್ಟ್ ಮಾಡಿಸಬೇಕು ಎಂದಾಗ ನಾನು ಶುರು ಮಾಡಿದ್ದು ಅಲ್ಲಿಂದಲೇ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಮ್ಮನ ಹೆಸರಿನ ಜೊತೆ ತಾತನ ಇನಿಷಿಯಲ್. ಪ್ಯಾನ್‌ನಲ್ಲಿ ತಾತನ ಹೆಸರು ಪೂರ್ತಿ. ಆಧಾರ್‌ನಲ್ಲಿ ಇನಿಷಿಯಲ್ಲೂ ಇಲ್ಲ, ಜನ್ಮದಿನಾಂಕದ ಜಾಗದಲ್ಲಿ ಬರೀ ಇಸವಿ. ವೋಟರ್ ಐಡಿಯಲ್ಲಿ ಅಪ್ಪನ ಹೆಸರು ಸೇರಿಕೊಂಡಿತ್ತು. ಕನ್ನಡದಲ್ಲಿ ಬರೆದ ಕಡೆಯೆಲ್ಲ ‘ಲಕ್ಷ್ಮಿ’ಯೇ. ಇಂಗ್ಲಿಷಿನಲ್ಲಿ ಮಾತ್ರ ಅಂಕಪಟ್ಟಿ ಮತ್ತು ಪ್ಯಾನ್‌ನಲ್ಲಿ ‘ಕೆ-ಎಸ್-ಎಚ್’, ಆಧಾರ್‌ನಲ್ಲಿ ‘ಎಕ್ಸ್’. ಪ್ಯಾನ್-ಆಧಾರ್ ಲಿಂಕ್ ಆಗದೆ ನಿಂತಿದ್ದೂ ಇದರಿಂದಲೇ. 2023ರ ಜೂನ್ 30ರ ಗಡುವು ಮೀರಿದ್ದರಿಂದ ಪ್ಯಾನ್ ನಿಷ್ಕ್ರಿಯವಾಗಿತ್ತು, ಲಿಂಕ್ ಮಾಡಿಸಲು 1000 ರೂಪಾಯಿ ಶುಲ್ಕ ಬೇರೆ.

ಇಲ್ಲಿ ಆತುರ ಪಡಬಾರದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಹಾಗಾಗಿ ಯಾವ ದಾಖಲೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಮೊದಲು ಮನೆಯಲ್ಲೇ ತೀರ್ಮಾನಿಸಿದೆವು. ಪ್ಯಾನ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ವಿಸ್ತರಿಸಿ ಬರೆಯಲೇಬೇಕು. ಪಾಸ್‌ಪೋರ್ಟ್ ಅರ್ಜಿಯೂ ಹಾಗೆಯೇ. ಆದ್ದರಿಂದ ಹೆಸರಿಗೆ ಪ್ಯಾನ್, ಜನ್ಮದಿನಾಂಕಕ್ಕೆ ಅಂಕಪಟ್ಟಿ ಎಂದುಕೊಂಡು ಆಧಾರನ್ನು ಇವೆರಡಕ್ಕೆ ಹೊಂದಿಸಿದೆವು.

ಆಧಾರ್ ಕೇಂದ್ರದಲ್ಲಿ ನಮ್ಮ ಕಡೆ ತಿರುಗಿಸಿಟ್ಟ ಇನ್ನೊಂದು ಪರದೆ ಇರುತ್ತದೆ. ಬಹಳ ಜನ ಅದರ ಕಡೆ ನೋಡುವುದೇ ಇಲ್ಲ. ನಾನು ಪ್ಯಾನ್ ಕಾರ್ಡ್ ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ಓದಿದೆ, ಅಮ್ಮ ಪರದೆಯಲ್ಲಿ ಬೆರಳಿಟ್ಟು ನೋಡಿದರು. ಇಂಗ್ಲಿಷ್ ಸರಿಯಿತ್ತು. ಆದರೆ ಕನ್ನಡದ ಸಾಲನ್ನು ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತದೆ, ಅಲ್ಲಿ ತಾತನ ಹೆಸರಿನ ‘ಪ್ಪ’ ಒತ್ತು ಹೋಗಿ ಬರೀ ‘ಪ’ ಆಗಿತ್ತು. “ಅದು ಪರವಾಗಿಲ್ಲ ಬಿಡಿ ಮೇಡಂ, ಇಂಗ್ಲಿಷೇ ಮುಖ್ಯ” ಎಂದರು ಆಪರೇಟರ್. “ಇಲ್ಲಪ್ಪ, ಅದು ನಮ್ಮಪ್ಪನ ಹೆಸರು, ಸರಿ ಮಾಡಿಕೊಡಿ” ಅಂದರು ಅಮ್ಮ. ಮಾಡಿಕೊಟ್ಟರು. ಸ್ವೀಕೃತಿ ಚೀಟಿ ಕೈಗೆ ಬಂದ ಮೇಲೆ ಅದರಲ್ಲೂ ಇನ್ನೊಮ್ಮೆ ಓದಿಕೊಂಡೆವು. ಅದೇ ಹೊತ್ತಿಗೆ ಅಮ್ಮನ ಮೊಬೈಲ್ ನಂಬರನ್ನೂ ಸೇರಿಸಿಬಿಟ್ಟೆ. ಒಟಿಪಿ ಬರದಿದ್ದರೆ ಮುಂದಿನ ಯಾವ ಕೆಲಸವೂ ಆನ್‌ಲೈನ್‌ನಲ್ಲಿ ಸಾಗುವುದಿಲ್ಲ.

ಆಧಾರ್ ಬದಲಾದ ಮೇಲೆ ಪ್ಯಾನ್ ಲಿಂಕ್ ತಕರಾರಿಲ್ಲದೆ ಆಯಿತು.

ಪಾಸ್‌ಪೋರ್ಟಿನ ವಿಷಯದಲ್ಲಿ ಜನ ಸುಮ್ಮನೆ ಹೆದರಿಸುತ್ತಾರೆ. ಒಬ್ಬ ಏಜೆಂಟರು “ಮದುವೆ ಸರ್ಟಿಫಿಕೇಟ್ ಇಲ್ಲದೆ ಆಗಲ್ಲ, ಅಫಿಡವಿಟ್ ಮಾಡಿಸಿಕೊಡ್ತೀನಿ” ಎಂದು ದುಡ್ಡು ಕೇಳಿದರು. 2016ರ ಡಿಸೆಂಬರ್‌ನಲ್ಲೇ ಆ ನಿಯಮ ಸಡಿಲವಾಗಿದೆ, ಮದುವೆ ಪ್ರಮಾಣಪತ್ರ ಬೇಕಿಲ್ಲ. ಜನನ ಪ್ರಮಾಣಪತ್ರವೇ ಆಗಬೇಕು ಎನ್ನುವವರೂ ಇದ್ದಾರೆ. ಅದು 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಕಡ್ಡಾಯ. ಅಮ್ಮನ ಕಾಲದವರಿಗೆ ಅಂಕಪಟ್ಟಿ ಸಾಕು. ತಿಳಿಯದವರ ಹತ್ತಿರ ಹೀಗೆ ಹಣ ಕೀಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ ಶುಲ್ಕ ಕಟ್ಟಿ ಅರ್ಜಿಯನ್ನು ನಾವೇ ತುಂಬಿದೆವು. ಸರ್‌ನೇಮ್ ಜಾಗದಲ್ಲಿ ತಾತನ ಹೆಸರು ಬಂತು. ಅಸಲು ದಾಖಲೆಗಳ ಜೊತೆ ಅಮ್ಮ ಸ್ವತಃ ಸಹಿ ಮಾಡಿದ ಜೆರಾಕ್ಸ್ ಪ್ರತಿಗಳನ್ನು ಒಯ್ದೆವು. ಪೊಲೀಸ್ ಪರಿಶೀಲನೆಗೆ ಬಂದವರಿಗೂ ಅದೇ ಕಡತ ತೋರಿಸಿದೆವು. ಆಧಾರ್, ಪ್ಯಾನ್, ಅರ್ಜಿ ಮೂರರಲ್ಲೂ ಒಂದೇ ಹೆಸರು ಇದ್ದುದರಿಂದ ಪ್ರಶ್ನೆಗಳು ಹೆಚ್ಚು ಬರಲಿಲ್ಲ.

ವೋಟರ್ ಐಡಿ ತಿದ್ದುಪಡಿಗೆ ನಮೂನೆ 8 ಸಲ್ಲಿಸಿದ್ದೇವೆ. ಈಗ ನಾನು ಹಿಡಿದು ಕೂತಿರುವುದು ಅಪ್ಪನ ಪಿಂಚಣಿ ಕಡತವನ್ನು. ಅದರಲ್ಲಿ ಅಮ್ಮನ ಹೆಸರು ಇನ್ನೂ ಹಳೆಯ ಕಾಗುಣಿತದಲ್ಲೇ ಇದೆ. ಕುಟುಂಬ ಪಿಂಚಣಿ ಕೇಳುವ ಸಂದರ್ಭ ಬಂದಾಗ ಒಬ್ಬರೇ ಹೆಂಗಸು ಕಚೇರಿಯಲ್ಲಿ ನಿಂತು ತಾನೇ ಆಕೆ ಎಂದು ಸಾಬೀತು ಮಾಡುವುದು ತುಂಬಾ ಕಷ್ಟ. ಅಪ್ಪ ಗಟ್ಟಿಯಾಗಿರುವಾಗಲೇ ಅವರ ಸಹಿಯಲ್ಲೇ ತಿದ್ದುಪಡಿ ಅರ್ಜಿ ಹೋಗಬೇಕು. ಬರುವ ವಾರ ಹೊಸ ಆಧಾರ್ ಮತ್ತು ಪಾಸ್‌ಪೋರ್ಟ್ ಪ್ರತಿಗಳನ್ನು ಲಗತ್ತಿಸಿ ಕೊಟ್ಟು ಬರುತ್ತೇವೆ.