ಬರೆದ ಟೆಸ್ಟ್‌ಗಳೆಲ್ಲ ರನ್ ಆದವೇ? ಮೂರು ಪಟ್ಟಿ ಹಿಡಿದು ತಾಳೆ ನೋಡುವ ಬಗೆ

ಟೆಸ್ಟ್ ಸೂಟ್ ಪಾಸಾಯಿತು ಅಂದರೆ, ರನ್ ಆದ ಟೆಸ್ಟ್‌ಗಳಲ್ಲಿ ಯಾವುದೂ ಫೇಲಾಗಲಿಲ್ಲ ಅಂತಷ್ಟೇ ಅರ್ಥ. ರನ್ನೇ ಆಗದ ಟೆಸ್ಟ್ ಫೇಲಾಗುವ ಮಾತೇ ಇಲ್ಲ. ಹಾಗಾಗಿ ಅದು ಬಿಟ್ಟುಹೋದದ್ದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು. ಇದನ್ನು ಹಿಡಿಯಲು ಪೈಥಾನ್ ಪ್ರಾಜೆಕ್ಟ್‌ಗಳಲ್ಲಿ, ಪೈಟೆಸ್ಟ್ (ಟೆಸ್ಟ್‌ಗಳನ್ನು ಹುಡುಕಿ ಓಡಿಸುವ ‘ರನ್ನರ್’) ಜೊತೆಗೆ, ನಾನು ಬಳಸುವ ಪದ್ಧತಿಯನ್ನು ಇಲ್ಲಿ ಬರೆದಿದ್ದೇನೆ. ಜಾವಾ, ಗೋ, ಜಾವಾಸ್ಕ್ರಿಪ್ಟ್ ಕಡೆ ಎಲ್ಲೆಲ್ಲಿ ಕಾಲು ಜಾರುತ್ತದೆ ಅನ್ನುವುದು ಕೊನೆಯಲ್ಲಿದೆ.

ಬೇಕಾಗಿರುವುದು ಮೂರು ಪಟ್ಟಿ. ಸೋರ್ಸ್ ಕೋಡ್‌ನಲ್ಲಿ ಯಾವ ಯಾವ ಟೆಸ್ಟ್ ಬರೆದಿದೆ, ರನ್ನರ್ ಯಾವುದನ್ನು ಹುಡುಕಿಕೊಂಡಿತು, ಯಾವುದು ನಿಜವಾಗಿ ರನ್ ಆಯಿತು. ಒಂದನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ಬಂದರೆ ಹೆಸರಲ್ಲೋ ಫೋಲ್ಡರ್‌ನಲ್ಲೋ ತೊಂದರೆ. ಎರಡನೆಯದಕ್ಕೂ ಮೂರನೆಯದಕ್ಕೂ ಬಂದರೆ ಸ್ಕಿಪ್, ಫಿಲ್ಟರ್, ಶಾರ್ಡ್ (ಸೂಟ್ ಅನ್ನು ಹಲವು ಜಾಬ್‌ಗೆ ಹಂಚುವುದು) ಅಥವಾ ಮಧ್ಯದಲ್ಲಿ ಸತ್ತ ಪ್ರೊಸೆಸ್.

ಸಂಖ್ಯೆ ನೋಡಿದರೆ ಸಾಲದೇ ಅಂತ ಕೇಳುವವರಿದ್ದಾರೆ. 1987ರಲ್ಲಿ ಬಂದ ಮೊದಲ ಪರ್ಲ್‌ನ ಟೆಸ್ಟ್ ಸ್ಕ್ರಿಪ್ಟ್‌ಗಳು ಶುರುವಿನಲ್ಲೇ ‘1..23’ ಎನ್ನುವಂಥ ಒಂದು ಸಾಲು ಪ್ರಿಂಟ್ ಮಾಡುತ್ತಿದ್ದವು. 23 ಬರಬೇಕಾದಲ್ಲಿ 22 ಬಂದರೆ ಆ ಫೈಲೇ ಫೇಲ್. ಒಂದು ಫೈಲಿನ ಮಟ್ಟಿಗೆ ಇದು ಇವತ್ತಿಗೂ ಒಳ್ಳೆಯ ಉಪಾಯ. ಸಾವಿರಾರು ಟೆಸ್ಟ್‌ಗಳ ಸೂಟ್‌ಗೆ ಬರೀ ಒಟ್ಟು ಸಂಖ್ಯೆ ಕೆಲಸಕ್ಕೆ ಬಾರದು. ಒಂದೇ ಮರ್ಜ್‌ನಲ್ಲಿ 12 ಹೊಸ ಟೆಸ್ಟ್ ಸೇರಿ 9 ಹಳೆಯವು ಕಳೆದುಹೋದರೆ ಸಂಖ್ಯೆ ಹೆಚ್ಚಾಯಿತು ಅಂತ ಎಲ್ಲರಿಗೂ ಖುಷಿ. ಹೋಲಿಸಬೇಕಾದದ್ದು ಹೆಸರನ್ನು.

ಮೊದಲ ಪಟ್ಟಿ: ಸೋರ್ಸ್‌ನಿಂದ

ಗ್ರೆಪ್ ಹಾಕಿ ತೆಗೆಯಬಹುದು, ಆದರೆ ಕಾಮೆಂಟ್, ಸ್ಟ್ರಿಂಗ್ ಎಲ್ಲ ಸೇರಿಕೊಳ್ಳುತ್ತವೆ. ಪೈಥಾನ್‌ನದೇ ಎಎಸ್‌ಟಿ ಮಾಡ್ಯೂಲ್ (ಕೋಡನ್ನು ಅದರ ರಚನೆಯ ಮರವಾಗಿ ಓದಿಕೊಡುವುದು) ಬಳಸುವುದು ಲೇಸು. ‘ಗಿಟ್ ಎಲ್‌ಎಸ್-ಫೈಲ್ಸ್’ ಕೊಡುವ ಎಲ್ಲ ಪೈಥಾನ್ ಫೈಲ್‌ಗಳನ್ನೂ ಪಾರ್ಸ್ ಮಾಡಿ, ಮಾಡ್ಯೂಲ್ ಮಟ್ಟದಲ್ಲೂ ಕ್ಲಾಸ್ ಒಳಗೂ ‘ಟೆಸ್ಟ್’ ಎಂದು ಶುರುವಾಗುವ ಫಂಕ್ಷನ್‌ಗಳನ್ನು ತೆಗೆಯಿರಿ. ಅಸಿಂಕ್ ಫಂಕ್ಷನ್‌ಗೆ ಎಎಸ್‌ಟಿಯಲ್ಲಿ ಬೇರೆಯದೇ ನೋಡ್ ಇದೆ, ಅದನ್ನೂ ಸೇರಿಸಿ. ಟೆಸ್ಟ್ಸ್ ಫೋಲ್ಡರ್ ಮಾತ್ರ ನೋಡಬೇಡಿ. ಕಳೆದುಹೋದವು ಸಿಗುವುದು ಹೊರಗಡೆಯೇ.

ಗುರುತಿಗೆ ಹೆಸರಿನ ಬದಲು ಫೈಲ್ ಮತ್ತು ಸಾಲಿನ ಸಂಖ್ಯೆ ಬಳಸಿ: ‘ಟೆಸ್ಟ್ಸ್/ಬಿಲ್ಲಿಂಗ್/ಟೆಸ್ಟ್_ರಿಫಂಡ್.ಪಿವೈ:41’. ಕಾರಣ ಇದೆ. ಕಾಪಿ-ಪೇಸ್ಟ್ ಮಾಡಿ ಹೆಸರು ಬದಲಿಸಲು ಮರೆತರೆ ಒಂದೇ ಫೈಲಿನಲ್ಲಿ ‘ಟೆಸ್ಟ್_ಪಾರ್ಷಿಯಲ್_ರಿಫಂಡ್’ 41ನೇ ಸಾಲಲ್ಲೂ ಇರುತ್ತದೆ, 88ರಲ್ಲೂ ಇರುತ್ತದೆ. ಪೈಥಾನ್‌ಗೆ ಇದು ಬರೀ ಮರು-ಅಸೈನ್‌ಮೆಂಟ್. ಎರಡನೆಯದು ಮೊದಲನೆಯದನ್ನು ನುಂಗಿ ಹಾಕುತ್ತದೆ, ಪೈಟೆಸ್ಟ್‌ಗೆ ಕಾಣುವುದು 88 ಒಂದೇ. ಹೆಸರಿನಿಂದ ಹೋಲಿಸಿದರೆ ಎರಡು ಪಟ್ಟಿಯಲ್ಲೂ ಹೆಸರು ಇದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಸಾಲಿನ ಸಂಖ್ಯೆಯಿಂದ ಹೋಲಿಸಿದರೆ 41 ಸಿಕ್ಕಿಬೀಳುತ್ತದೆ. (ಕೋಡ್‌ನ ತಪ್ಪು ಹುಡುಕುವ ಲಿಂಟರ್‌ಗಳಾದ ರಫ್, ಫ್ಲೇಕ್8 ಎರಡರಲ್ಲೂ ಎಫ್811 ನಿಯಮ ಇದನ್ನೇ ಹಿಡಿಯುತ್ತದೆ. ಬೇರೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಆನ್ ಮಾಡಿ.)

ಇಲ್ಲೊಂದು ಚಿಕ್ಕ ತೊಡಕು. ಡೆಕೊರೇಟರ್ (ಫಂಕ್ಷನ್‌ನ ಮೇಲೆ ‘@’ ಹಾಕಿ ಬರೆಯುವ ಸಾಲು) ಇರುವ ಫಂಕ್ಷನ್‌ಗೆ ಎಎಸ್‌ಟಿ ಕೊಡುವುದು ‘ಡೆಫ್’ ಇರುವ ಸಾಲು (ಪೈಥಾನ್ 3.8ರಿಂದ). ಕೋಡ್ ಆಬ್ಜೆಕ್ಟ್‌ನಲ್ಲಿರುವ ಮೊದಲ ಸಾಲಿನ ಸಂಖ್ಯೆಯಾದರೋ ಮೊದಲ ಡೆಕೊರೇಟರ್‌ನದು. ಇದು ಗೊತ್ತಿಲ್ಲದಿದ್ದರೆ ಪ್ಯಾರಮೆಟ್ರೈಸ್ ಆದ (ಬೇರೆ ಬೇರೆ ಇನ್‌ಪುಟ್ ಕೊಟ್ಟು ಹಲವು ಸಲ ಓಡಿಸುವ) ಪ್ರತಿ ಟೆಸ್ಟ್ ಕೂಡ ಕಳೆದುಹೋದಂತೆ ಕಾಣುತ್ತದೆ. ಎಎಸ್‌ಟಿ ಕಡೆ ಡೆಕೊರೇಟರ್‌ಗಳ ಸಾಲುಗಳನ್ನೂ ನೋಡಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ತೆಗೆದುಕೊಳ್ಳಿ.

ಎರಡನೆಯದು: ರನ್ನರ್ ಕಂಡದ್ದು

ಪೈಟೆಸ್ಟ್‌ಗೆ ‘ಕಲೆಕ್ಟ್-ಓನ್ಲಿ’ ಆಯ್ಕೆ ಕೊಟ್ಟರೆ ಟೆಸ್ಟ್ ರನ್ ಮಾಡದೆ ಪಟ್ಟಿ ಮಾತ್ರ ಕೊಡುತ್ತದೆ. ಆ ಔಟ್‌ಪುಟ್ ಅನ್ನು ಒಡೆದು ಓದುವ ಗೋಜಿಗೆ ನಾನು ಹೋಗುವುದಿಲ್ಲ. ಕಾನ್ಫ್‌ಟೆಸ್ಟ್ ಫೈಲಿನಲ್ಲಿ ‘ಪೈಟೆಸ್ಟ್_ಕಲೆಕ್ಷನ್_ಫಿನಿಶ್’ ಹುಕ್ (ಆ ಹಂತದಲ್ಲಿ ಪೈಟೆಸ್ಟ್ ತಾನೇ ಕರೆಯುವ ಫಂಕ್ಷನ್) ಬರೆದು, ಪ್ರತಿ ಐಟಂಗೂ ನೋಡ್ ಐಡಿ (ಆ ಟೆಸ್ಟ್‌ನ ಪೂರ್ಣ ಹೆಸರು) ಒಂದು ಕಾಲಂ, ಫೈಲ್-ಸಾಲು ಇನ್ನೊಂದು ಕಾಲಂ ಮಾಡಿ ಫೈಲಿಗೆ ಬರೆಸುತ್ತೇನೆ. ಐಟಂನ ಫಂಕ್ಷನ್ ಅನ್ನು ‘ಇನ್‌ಸ್ಪೆಕ್ಟ್’ ಮಾಡ್ಯೂಲ್‌ನ ಅನ್‌ರ್‍ಯಾಪ್ ಮೂಲಕ ಹಾಯಿಸಿ ಆಮೇಲೆ ಸಾಲು ಕೇಳಿ. ಇಲ್ಲದಿದ್ದರೆ ನಿಮ್ಮ ರಿಟ್ರೈ ಡೆಕೊರೇಟರ್ ಬರೆದ ಫೈಲಿನ ಸಾಲೇ ಎಲ್ಲದಕ್ಕೂ ಬರುತ್ತದೆ. ಬೇಸ್ ಕ್ಲಾಸ್‌ನಿಂದ ಬಂದ ಟೆಸ್ಟ್, ಪ್ಯಾರಮೆಟ್ರೈಸ್ ಆಗಿ ನಲವತ್ತು ಸಲ ಬರುವ ಟೆಸ್ಟ್, ಎಲ್ಲವೂ ಈ ಎರಡನೇ ಕಾಲಂನಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ.

ಈ ರನ್‌ಗೆ ಎರಡು ಷರತ್ತು. ಕಾನ್ಫಿಗ್‌ನ ‘ಆಡ್‌ಆಪ್ಟ್ಸ್’ (ಪ್ರತಿ ರನ್‌ಗೂ ತಾನಾಗಿ ಸೇರುವ ಆಯ್ಕೆಗಳು) ಅನ್ನು ಕಮ್ಯಾಂಡ್‌ಲೈನ್‌ನಲ್ಲೇ ಖಾಲಿ ಮಾಡಿ, ಏಕೆಂದರೆ ‘ಸ್ಲೋ ಬೇಡ’ ಎನ್ನುವ ಮಾರ್ಕರ್ (ಟೆಸ್ಟ್‌ಗೆ ಅಂಟಿಸುವ ಗುರುತು) ಫಿಲ್ಟರ್ ಯಾರೋ ಅಲ್ಲಿ ತುರುಕಿರುತ್ತಾರೆ. ಎಕ್ಸ್‌ಡಿಸ್ಟ್ (ಟೆಸ್ಟ್‌ಗಳನ್ನು ಹಲವು ಪ್ರೊಸೆಸ್‌ಗಳಲ್ಲಿ ಒಟ್ಟಿಗೆ ಓಡಿಸುವ ಪ್ಲಗಿನ್) ಬಳಸಬೇಡಿ, ಅದರಲ್ಲಿ ಟೆಸ್ಟ್ ಹುಡುಕುವ ಕೆಲಸ ವರ್ಕರ್‌ಗಳದು, ಮುಖ್ಯ ಪ್ರೊಸೆಸ್‌ನಲ್ಲಿ ಪಟ್ಟಿ ಇರುವುದಿಲ್ಲ.

ಮೊದಲ ಸಲ ಎರಡೂ ಪಟ್ಟಿ ತಾಳೆ ನೋಡಿದಾಗ ಸಾಮಾನ್ಯವಾಗಿ ಸಿಗುವುದು ಇವು. ಫೈಲಿನ ಹೆಸರು ‘ಟೆಸ್ಟ್ಸ್_ರಿಫಂಡ್’ ಅಂತ ಇರುತ್ತದೆ. ಪೈಟೆಸ್ಟ್ ನೋಡುವುದು ‘ಟೆಸ್ಟ್_’ ಎಂದು ಶುರುವಾಗುವ ಅಥವಾ ‘_ಟೆಸ್ಟ್’ ಎಂದು ಮುಗಿಯುವ ಫೈಲ್‌ಗಳನ್ನು ಮಾತ್ರ, ಮಧ್ಯದ ಒಂದು ‘ಎಸ್’ ಸಾಕು ಕೆಡಿಸಲು. ಕ್ಲಾಸಿನ ಹೆಸರು ‘ರಿಫಂಡ್‌ಟೆಸ್ಟ್ಸ್’: ಯುನಿಟ್‌ಟೆಸ್ಟ್‌ನ ಟೆಸ್ಟ್‌ಕೇಸ್‌ನಿಂದ ಬಂದಿದ್ದರೆ ಸರಿ, ಸಾದಾ ಕ್ಲಾಸ್ ಆದರೆ ಹೆಸರು ‘ಟೆಸ್ಟ್’ನಿಂದಲೇ ಶುರುವಾಗಬೇಕು. ಕ್ಲಾಸ್‌ಗೆ ‘ಇನಿಟ್’ ಮೆಥಡ್ ಇದ್ದರೆ ಇಡೀ ಕ್ಲಾಸನ್ನೇ ಬಿಟ್ಟು ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ‘ಪೈಟೆಸ್ಟ್‌ಕಲೆಕ್ಷನ್‌ವಾರ್ನಿಂಗ್’ ಅನ್ನು ಫಿಲ್ಟರ್‌ವಾರ್ನಿಂಗ್ಸ್‌ನಲ್ಲಿ ಎರರ್ ಮಾಡಿಬಿಡಿ.

ಇನ್ನೊಂದು ತುಂಬಾ ತಲೆ ತಿನ್ನುವಂಥದ್ದು: ಪೈಟೆಸ್ಟ್ ಡೀಫಾಲ್ಟ್ ಆಗಿ ‘ಬಿಲ್ಡ್’, ‘ಡಿಸ್ಟ್’, ‘ವೆನ್ವ್’, ‘ನೋಡ್_ಮಾಡ್ಯೂಲ್ಸ್’ ಮತ್ತು ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳ ಒಳಗೆ ಇಳಿಯುವುದೇ ಇಲ್ಲ. ನಿಮ್ಮ ಬಿಲ್ಡ್ ಸಿಸ್ಟಮ್‌ಗೆ ಬರೆದ ಟೆಸ್ಟ್‌ಗಳನ್ನು ‘ಟೆಸ್ಟ್ಸ್/ಬಿಲ್ಡ್’ನಲ್ಲಿ ಇಟ್ಟಿರೋ, ಮುಗಿಯಿತು. ಪೈಟೆಸ್ಟ್ ಇಲ್ಲದೆ ಯುನಿಟ್‌ಟೆಸ್ಟ್‌ನ ಡಿಸ್ಕವರಿ ಬಳಸುವವರಿಗೆ ಬೇರೆ ಗುಂಡಿ: ‘ಇನಿಟ್’ ಫೈಲ್ ಇಲ್ಲದ ಉಪ-ಫೋಲ್ಡರ್ ಅದಕ್ಕೆ ಕಾಣುವುದಿಲ್ಲ.

ಮೂರನೆಯದು: ನಿಜವಾಗಿ ರನ್ ಆದದ್ದು

ಇದಕ್ಕೆ ‘ಪೈಟೆಸ್ಟ್_ರನ್‌ಟೆಸ್ಟ್_ಲಾಗ್‌ರಿಪೋರ್ಟ್’ ಹುಕ್. ಪ್ರತಿ ಟೆಸ್ಟ್‌ಗೂ ಸೆಟಪ್, ಕಾಲ್, ಟಿಯರ್‌ಡೌನ್ ಅಂತ ಮೂರು ರಿಪೋರ್ಟ್ ಬರುತ್ತವೆ. ‘ಕಾಲ್’ ಹಂತದಲ್ಲಿ ಪಾಸ್ ಅಥವಾ ಫೇಲ್ ಬಂದಿದ್ದರೆ ಮಾತ್ರ ರನ್ ಆಯಿತು ಎಂದು ಲೆಕ್ಕ. ಸ್ಕಿಪ್ ಮಾರ್ಕ್ ಇರುವವು ಸೆಟಪ್‌ನಲ್ಲೇ ನಿಲ್ಲುತ್ತವೆ. ಎಕ್ಸ್‌ಫೇಲ್ (ಫೇಲಾಗುತ್ತದೆ ಎಂದು ಮೊದಲೇ ಗುರುತು ಹಾಕಿದ್ದು) ಆದ ಟೆಸ್ಟ್ ರನ್ ಆಗಿದ್ದರೂ ರಿಪೋರ್ಟ್‌ನಲ್ಲಿ ‘ಸ್ಕಿಪ್ಡ್’ ಎಂದೇ ಬರುತ್ತದೆ, ‘ವಾಸ್‌ಎಕ್ಸ್‌ಫೇಲ್’ ಎನ್ನುವ ಗುಣ ಇದೆಯೇ ನೋಡಿ ಬೇರ್ಪಡಿಸಬೇಕು. ಎಕ್ಸ್‌ಡಿಸ್ಟ್ ಇದ್ದಾಗ ಈ ಹುಕ್ ವರ್ಕರ್‌ನಲ್ಲೂ ಮುಖ್ಯ ಪ್ರೊಸೆಸ್‌ನಲ್ಲೂ ಕರೆಯಲ್ಪಡುತ್ತದೆ. ಕಾನ್ಫಿಗ್‌ನಲ್ಲಿ ‘ವರ್ಕರ್‌ಇನ್‌ಪುಟ್’ ಇದ್ದರೆ ಬರೆಯದೆ ಸುಮ್ಮನಿರಿ.

ಫೈಲಿನ ಕೊನೆಯಲ್ಲಿ, ಸೆಷನ್ ಮುಗಿದಾಗ, ‘ಮುಕ್ತಾಯ’ ಅಂತ ಒಂದು ಸಾಲು ಬರೆಸಿ. ಆ ಸಾಲಿಲ್ಲದ ಫೈಲನ್ನು ಒಪ್ಪಬೇಡಿ. ಟೆಸ್ಟ್ ಆಗುತ್ತಿರುವ ಕೋಡ್ ಎಲ್ಲೋ ಒಳಗೆ ‘ಓಎಸ್._ಎಕ್ಸಿಟ್(0)’ ಕರೆದರೆ ಪೈಟೆಸ್ಟ್ ಪ್ರೊಸೆಸ್ಸೇ ಅಲ್ಲಿಗೆ ಮುಗಿಯುತ್ತದೆ, ಎಕ್ಸಿಟ್ ಕೋಡ್ ಸೊನ್ನೆ, ಸಿಐ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಹಸಿರು. ಲಾಗ್‌ನಲ್ಲಿ ಕೊನೆಯ ಸಾರಾಂಶದ ಸಾಲು ಇಲ್ಲ ಅನ್ನುವುದೊಂದೇ ಸುಳಿವು, ಅದನ್ನು ಯಾರು ನೋಡುತ್ತಾರೆ?

ಸ್ಕಿಪ್‌ಗಳ ಪೈಕಿ ಅತಿ ಕೆಟ್ಟದ್ದು ಖಾಲಿ ಪ್ಯಾರಮೆಟ್ರೈಸ್. ‘ಡೇಟಾ’ ಫೋಲ್ಡರ್‌ನ 240 ಜೇಸನ್ ಫೈಲ್‌ಗಳನ್ನು ಗ್ಲಾಬ್ ಮಾಡಿ (ಹೆಸರಿನ ಮಾದರಿ ಕೊಟ್ಟು ಹುಡುಕಿ) ಒಂದೊಂದಕ್ಕೂ ಒಂದು ಟೆಸ್ಟ್ ಅಂತ ಬರೆದಿದೆ ಅನ್ನಿ. ಪಾತ್ ರಿಲೇಟಿವ್ ಆಗಿದೆ. ಸಿಐ ಬೇರೆ ಡೈರೆಕ್ಟರಿಯಿಂದ ಪೈಟೆಸ್ಟ್ ಕರೆದ ದಿನ ಗ್ಲಾಬ್ ಖಾಲಿ ಲಿಸ್ಟ್ ಕೊಡುತ್ತದೆ, 240 ಟೆಸ್ಟ್‌ಗಳ ಜಾಗದಲ್ಲಿ ಒಂದೇ ಒಂದು ‘ಸ್ಕಿಪ್ಡ್’. ಫೈಲ್-ಸಾಲಿನ ಹೋಲಿಕೆಯೂ ಕಲೆಕ್ಷನ್ ಹಂತದಲ್ಲಿ ಇದನ್ನು ಹಿಡಿಯದು, ಏಕೆಂದರೆ ಫಂಕ್ಷನ್ ಪಟ್ಟಿಯಲ್ಲಿದೆ. ಕಾನ್ಫಿಗ್‌ನಲ್ಲಿ ‘ಎಂಪ್ಟಿ_ಪ್ಯಾರಾಮೀಟರ್_ಸೆಟ್_ಮಾರ್ಕ್’ ಅನ್ನು ‘ಫೇಲ್_ಅಟ್_ಕಲೆಕ್ಟ್’ ಮಾಡಿ. ಪಾತ್ ಅನ್ನು ಟೆಸ್ಟ್ ಫೈಲ್ ಇರುವ ಜಾಗದಿಂದ ಕಟ್ಟಿ. ಇಂಥ ಟೆಸ್ಟ್‌ಗಳಿಗೆ ನೋಡ್ ಐಡಿಗಳ ಪಟ್ಟಿಯನ್ನೇ ಹಿಂದಿನ ಮೇನ್ ಬ್ರಾಂಚ್ ರನ್ ಜೊತೆ ಹೋಲಿಸುವುದು ಇನ್ನೂ ಗಟ್ಟಿ. ಐಡಿಗಳು ಸ್ಥಿರವಾಗಿರಬೇಕು: ಸೆಟ್‌ನಿಂದ ಪ್ಯಾರಮೆಟ್ರೈಸ್ ಮಾಡಿದ್ದರೆ ವಿಂಗಡಿಸಿ, ದಿನಾಂಕ ಅಥವಾ ಯುಯುಐಡಿ ಐಡಿಯೊಳಗೆ ಸೇರದಂತೆ ‘ಐಡಿಎಸ್’ ನೀವೇ ಕೊಡಿ.

ಅಸಿಂಕ್ ಟೆಸ್ಟ್‌ಗಳದೂ ಹಳೆಯ ಗೋಳು. ಪ್ಲಗಿನ್ ಇನ್‌ಸ್ಟಾಲ್ ಆಗಿರದಿದ್ದರೆ ಹಿಂದೆ ವಾರ್ನಿಂಗ್ ಕೊಟ್ಟು ಸ್ಕಿಪ್ ಮಾಡುತ್ತಿತ್ತು. ಪೈಟೆಸ್ಟ್ 8.4ರಿಂದ ಫೇಲ್ ಮಾಡುತ್ತದೆ. ‘ಇಂಪೋರ್ಟ್‌ಆರ್‌ಸ್ಕಿಪ್’ ಮಾತ್ರ ಇಂದಿಗೂ ಹಾಗೆಯೇ: ಲೈಬ್ರರಿ ಸಿಐ ಇಮೇಜ್‌ನಿಂದ ಬಿಟ್ಟುಹೋದರೆ ಇಡೀ ಫೈಲ್ ಮಾಯ. ಹಾಗಾಗಿ ಸಿಐನಲ್ಲಿ ಸ್ಕಿಪ್ ಆಗಲು ಅನುಮತಿ ಇರುವವಕ್ಕೆ ಒಂದು ಫೈಲ್ ಇಡುತ್ತೇನೆ. ಐಡಿ, ಕಾರಣ, ಯಾವ ಪ್ಲಾಟ್‌ಫಾರ್ಮ್. ಅದರಲ್ಲಿ ಇಲ್ಲದ ಸ್ಕಿಪ್ ಬಂದರೆ ಬಿಲ್ಡ್ ಕೆಂಪು. ಅದರಲ್ಲಿದ್ದೂ ರನ್ ಆದರೆ ಅದಕ್ಕೂ ಕೆಂಪು, ಇಲ್ಲದಿದ್ದರೆ ಆ ಫೈಲ್ ಬೆಳೆಯುತ್ತಲೇ ಹೋಗುತ್ತದೆ.

ಇಷ್ಟೆಲ್ಲ ಬರೆಯಲು ಸಮಯ ಇಲ್ಲದವರಿಗೆ ಅಗ್ಗದ ದಾರಿ ಒಂದಿದೆ: ಟೆಸ್ಟ್ ಫೋಲ್ಡರ್‌ಗೇ ಕವರೇಜ್ (ಯಾವ ಸಾಲು ಓಡಿತು ಎನ್ನುವ ಅಳತೆ) ಹಾಕಿ. ಬಹಳ ಜನ ಅದನ್ನು ಓಮಿಟ್ ಮಾಡಿರುತ್ತಾರೆ. ಟೆಸ್ಟ್ ಫೈಲಿನಲ್ಲಿ ಬರೆದ ಸಾಲು ರನ್ ಆಗಿಲ್ಲ ಅಂದರೆ ಅದಕ್ಕೆ ಕಾರಣ ಇರಲೇಬೇಕು. ‘ಕವರೇಜ್ ರಿಪೋರ್ಟ್’ಗೆ ಇನ್‌ಕ್ಲೂಡ್ ಆಗಿ ಟೆಸ್ಟ್ ಫೋಲ್ಡರ್ ಕೊಟ್ಟು, ಫೇಲ್-ಅಂಡರ್ 100 ಇಡಿ. ನುಂಗಿಹೋದ 41ನೇ ಸಾಲಿನ ಟೆಸ್ಟ್, ‘ಟೆಟ್ಸ್_’ ಎಂದು ತಪ್ಪಾಗಿ ಟೈಪ್ ಆದದ್ದು (ಇದು ಎಎಸ್‌ಟಿ ಪಟ್ಟಿಗೂ ಸಿಗದು), ಅಸರ್ಟ್ ತನಕ ಹೋಗದ ಲೂಪ್, ಎಲ್ಲ ಇದರಲ್ಲಿ ಕಾಣುತ್ತವೆ.

ಶಾರ್ಡ್ ಮತ್ತು ಸಿಐ

ಸೂಟ್ ಅನ್ನು ನಾಲ್ಕು ಜಾಬ್‌ಗೆ ಹಂಚಿದ್ದರೆ ನಾಲ್ಕೂ ಜಾಬ್ ತಮ್ಮ ಮೂರನೇ ಪಟ್ಟಿಯನ್ನು ಆರ್ಟಿಫ್ಯಾಕ್ಟ್ ಆಗಿ ಏರಿಸಬೇಕು, ಐದನೆಯ ಜಾಬ್ ಅವನ್ನು ಒಟ್ಟುಗೂಡಿಸಿ ಎರಡನೇ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಮಾರ್ಕರ್ ಪ್ರಕಾರ ‘ಫಾಸ್ಟ್’, ‘ಸ್ಲೋ’ ಅಂತ ಎರಡು ಜಾಬ್ ಮಾಡಿದಾಗ, ಎರಡೂ ಮಾರ್ಕರ್ ಇಲ್ಲದ ಟೆಸ್ಟ್ ಎರಡರ ಮಧ್ಯೆ ಬಿದ್ದುಹೋಗುವುದು ಇಲ್ಲೇ ಗೊತ್ತಾಗುತ್ತದೆ. ಮಾರ್ಕರ್ ಹೆಸರು ತಪ್ಪಾಗಿ ಬರೆಯುವುದನ್ನು ತಡೆಯಲು ‘ಸ್ಟ್ರಿಕ್ಟ್-ಮಾರ್ಕರ್ಸ್’ ಹಾಕಿ.

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಎರಡು ವಿಷಯ ಗಮನದಲ್ಲಿರಲಿ. ಷರತ್ತಿನಿಂದ ಸ್ಕಿಪ್ ಆದ ಜಾಬ್ ಅನ್ನು ಅದು ಯಶಸ್ಸು ಎಂದೇ ವರದಿ ಮಾಡುತ್ತದೆ. ಹಾಗಾಗಿ ಐದನೆಯ ಜಾಬ್‌ಗೆ ‘ಆಲ್‌ವೇಸ್’ ಷರತ್ತು ಕೊಟ್ಟು, ಉಳಿದ ಜಾಬ್‌ಗಳ ಫಲಿತಾಂಶವನ್ನು ಅದರೊಳಗೇ ಪರೀಕ್ಷಿಸಿ. ಎರಡನೆಯದು, ಸ್ಟೆಪ್‌ನಲ್ಲಿ ಶೆಲ್ ಯಾವುದು ಅಂತ ಬರೆಯದಿದ್ದರೆ ಬ್ಯಾಶ್ ‘ಪೈಪ್‌ಫೇಲ್’ ಇಲ್ಲದೆ ಓಡುತ್ತದೆ. ಪೈಟೆಸ್ಟ್ ಔಟ್‌ಪುಟ್ ಅನ್ನು ‘ಟೀ’ ಕಮ್ಯಾಂಡ್‌ಗೆ ಪೈಪ್ ಮಾಡಿದ್ದರೆ ಪೈಟೆಸ್ಟ್ ಏನೇ ಕೋಡ್ ಕೊಟ್ಟರೂ ಕೊನೆಗೆ ಸಿಗುವುದು ಟೀಯ ಸೊನ್ನೆ. ‘ಶೆಲ್: ಬ್ಯಾಶ್’ ಅಂತ ಒಂದು ಸಾಲು ಬರೆದರೆ ಸರಿಹೋಗುತ್ತದೆ. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ ಕೊಡುವ ಕೋಡ್ 5. ಅದನ್ನು ‘ಓಕೆ’ ಮಾಡಿಕೊಳ್ಳುವ ಶೆಲ್ ಸ್ಕ್ರಿಪ್ಟ್‌ಗಳು ರೆಪೊದಲ್ಲಿ ಇದ್ದರೆ ಮೊದಲು ಅವನ್ನು ಕಿತ್ತುಹಾಕಿ.

ಸಿಐ ಕಾನ್ಫಿಗ್ ಬದಲಾದಾಗಲೆಲ್ಲ ಬೇಕೆಂದೇ ಫೇಲಾಗುವ ಒಂದೊಂದು ಟೆಸ್ಟನ್ನು ಪ್ರತಿ ಟೆಸ್ಟ್ ಫೋಲ್ಡರ್‌ಗೂ ಹಾಕಿ ಒಂದು ಬ್ರಾಂಚ್ ತಳ್ಳುತ್ತೇನೆ. ಬಿಲ್ಡ್ ಕೆಂಪಾದರೆ ಸಾಲದು, ಫೇಲಾದವರ ಪಟ್ಟಿಯಲ್ಲಿ ಎಲ್ಲ ಫೋಲ್ಡರ್‌ಗಳ ಹೆಸರೂ ಬರಬೇಕು. ಮೊದಲ ಫೇಲ್‌ಗೇ ನಿಲ್ಲಿಸುವ ಆಯ್ಕೆ ಆನ್ ಇದ್ದರೆ ಆ ಬ್ರಾಂಚ್‌ನಲ್ಲಿ ತೆಗೆಯಿರಿ.

ಬೇರೆ ಭಾಷೆಗಳಲ್ಲಿ

ಜಾವಾದಲ್ಲಿ ಮೇವನ್ ಬಿಲ್ಡ್‌ನ ಟೆಸ್ಟ್ ಪ್ಲಗಿನ್ ಶೂರ್‌ಫೈರ್ ಕ್ಲಾಸಿನ ಹೆಸರು ‘ಟೆಸ್ಟ್’ನಿಂದ ಶುರುವಾಗುವ, ಇಲ್ಲವೇ ‘ಟೆಸ್ಟ್’, ‘ಟೆಸ್ಟ್ಸ್’, ‘ಟೆಸ್ಟ್‌ಕೇಸ್’ ಎಂದು ಮುಗಿಯುವ ಫೈಲ್‌ಗಳನ್ನು ನೋಡುತ್ತದೆ. ‘ಐಟಿ’ ಎಂದು ಮುಗಿಯುವುದು ಫೇಲ್‌ಸೇಫ್ (ಇಂಟಿಗ್ರೇಶನ್ ಟೆಸ್ಟ್‌ಗಳ ಪ್ಲಗಿನ್) ಪಾಲಿಗೆ, ಅದಕ್ಕೆ ‘ವೆರಿಫೈ’ ಗೋಲ್ ಕಟ್ಟದಿದ್ದರೆ ಟೆಸ್ಟ್ ಫೇಲಾದರೂ ಬಿಲ್ಡ್ ಪಾಸ್. ಜೆಯುನಿಟ್ 5ಕ್ಕೆ ಶೂರ್‌ಫೈರ್ 2.22.0 ಅಥವಾ ಮೇಲಿನದು ಬೇಕು. ಹಳೆಯದರಲ್ಲಿ ‘ಟೆಸ್ಟ್ಸ್ ರನ್: 0’, ಕೆಳಗೆ ‘ಬಿಲ್ಡ್ ಸಕ್ಸೆಸ್’. 4ರಿಂದ 5ಕ್ಕೆ ಅರ್ಧ ಬದಲಾದ ಪ್ರಾಜೆಕ್ಟ್‌ನಲ್ಲಿ ವಿಂಟೇಜ್ ಎಂಜಿನ್ (ಹಳೆಯ ಜೆಯುನಿಟ್ ಟೆಸ್ಟ್‌ಗಳನ್ನು ಓಡಿಸುವುದು) ಇಲ್ಲದಿದ್ದರೆ ಹಳೆಯ ಇಂಪೋರ್ಟ್‌ನ ಟೆಸ್ಟ್‌ಗಳು ಸದ್ದಿಲ್ಲದೆ ಹೋಗುತ್ತವೆ. ಐಡಿಇಯ ಆಟೋ-ಇಂಪೋರ್ಟ್ ತಪ್ಪು ಪ್ಯಾಕೇಜ್ ಆರಿಸಿದರೂ ಅದೇ ಕಥೆ. ‘ನೆಸ್ಟೆಡ್’ ಅನೊಟೇಶನ್ ಇಲ್ಲದ ಇನ್ನರ್ ಕ್ಲಾಸ್‌ನದೂ ಅದೇ.

ಗೋದಲ್ಲಿ ‘ಟೆಸ್ಟ್’ ನಂತರದ ಅಕ್ಷರ ಸಣ್ಣದಾಗಿರಬಾರದು. ಫೈಲಿನ ಹೆಸರು ‘ಎಕ್ಸ್‌ಪೋರ್ಟ್_ವಿಂಡೋಸ್_ಟೆಸ್ಟ್.ಗೋ’ ಅಂತಿದ್ದರೆ ಅದು ವಿಂಡೋಸ್‌ನಲ್ಲಿ ಮಾತ್ರ ಕಂಪೈಲ್ ಆಗುತ್ತದೆ, ಕಿಟಕಿಗಳನ್ನು ಎಕ್ಸ್‌ಪೋರ್ಟ್ ಮಾಡುವ ಕೋಡ್‌ಗೆ ಬರೆದ ಟೆಸ್ಟ್ ಆಗಿದ್ದರೂ ಸರಿಯೇ. ‘ಟೆಸ್ಟ್‌ಮೇನ್’ ಬರೆದು ಅದರೊಳಗೆ ‘ಎಂ.ರನ್’ ಕರೆಯಲು ಮರೆತರೆ ಒಂದೂ ಟೆಸ್ಟ್ ಓಡದೆ ಇಡೀ ಪ್ಯಾಕೇಜ್ ‘ಓಕೆ’.

ಜಾವಾಸ್ಕ್ರಿಪ್ಟ್‌ನಲ್ಲಿ ಶತ್ರು ‘.ಓನ್ಲಿ’, ಅಂದರೆ ಈ ಟೆಸ್ಟ್ ಒಂದನ್ನೇ ಓಡಿಸು ಎನ್ನುವ ಗುರುತು. ಡಿಬಗ್ ಮಾಡಲು ಹಾಕಿ ಕಮಿಟ್ ಆಗಿಬಿಡುತ್ತದೆ. ಮೋಕಾ ಮತ್ತು ಪ್ಲೇರೈಟ್‌ಗೆ ‘ಫರ್ಬಿಡ್-ಓನ್ಲಿ’ ಇದೆ, ಜೆಸ್ಟ್‌ಗೆ ಇಎಸ್‌ಲಿಂಟ್ ಪ್ಲಗಿನ್‌ನ ‘ನೋ-ಫೋಕಸ್ಡ್-ಟೆಸ್ಟ್ಸ್’ ನಿಯಮ ಹಾಕಿಕೊಳ್ಳಬೇಕು. ಜೆಸ್ಟ್‌ನ ‘ಪಾಸ್‌ವಿತ್‌ನೋಟೆಸ್ಟ್ಸ್’ ಅನ್ನು ಸಿಐ ಸ್ಕ್ರಿಪ್ಟ್‌ನಲ್ಲಿ ಕಂಡರೆ, ಅದನ್ನು ಯಾಕೆ ಹಾಕಿದರು ಅಂತ ಗಿಟ್ ಬ್ಲೇಮ್ ನೋಡಿ, ಕಾರಣ ಸಿಗದಿದ್ದರೆ ತೆಗೆದುಬಿಡಿ.