ಮೂಳೆ ಆಪರೇಷನ್ ಆದ ನಾಯಿಯನ್ನು ಮತ್ತೆ ನಾಲ್ಕು ಕಾಲಲ್ಲಿ ನಡೆಸುವುದು ಹೇಗೆ

ಕಾಲು ಮುರಿದು ಪ್ಲೇಟ್ ಹಾಕಿಸಿಕೊಂಡು ಬಂದ ನಾಯಿಯ ಮನೆಯವರು ಮೊದಲು ಕೇಳುವುದು "ಇದು ಮತ್ತೆ ಯಾವಾಗ ಓಡುತ್ತೆ?" ಅಂತ. ಓಡುವುದು ಆಮೇಲಿನ ಮಾತು, ಮೊದಲು ನಿಧಾನವಾಗಿ ನಡೆಯಬೇಕು. ಯಾಕೆಂದರೆ ಮೂರು ಕಾಲಲ್ಲಿ ಓಡುವುದು ನಾಯಿಗೆ ದೊಡ್ಡ ಕೆಲಸವೇ ಅಲ್ಲ. ಜೋರಾಗಿ ಹೋಗಲು ಬಿಟ್ಟರೆ ನೋವಿರುವ ಕಾಲನ್ನು ಎತ್ತಿಕೊಂಡೇ ಗೇಟಿನವರೆಗೆ ಹೋಗಿ ಬಂದುಬಿಡುತ್ತದೆ, ನಾವು "ಆಹಾ, ಚೆನ್ನಾಗಿ ಓಡಾಡ್ತಿದೆ" ಅಂದುಕೊಳ್ಳುತ್ತೇವೆ, ಅತ್ತ ಆ ಕಾಲಿನ ತೊಡೆ ಸೊರಗುತ್ತಾ ಹೋಗುತ್ತದೆ. ನಿಧಾನವಾಗಿ ನಡೆಸಿದರೆ ಆ ಕಾಲನ್ನೂ ನೆಲಕ್ಕೆ ಊರಲೇಬೇಕಾಗುತ್ತದೆ.

ಡಿಸ್ಚಾರ್ಜ್ ದಿನವೇ ಡಾಕ್ಟರ್ ಹತ್ತಿರ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಯಾವ ಆಪರೇಷನ್ ಆಗಿದೆ, ಎಷ್ಟು ಓಡಾಡಿಸಬಹುದು? ಮೂಳೆಗೆ ಪ್ಲೇಟ್ ಹಾಕಿದ್ದರೆ, ಮೊಣಕಾಲಿನ ಲಿಗಮೆಂಟ್ ಸರಿ ಮಾಡಿದ್ದರೆ ಮೊದಲ ವಾರಗಳಲ್ಲಿ ಕಟ್ಟುನಿಟ್ಟಿನ ರೆಸ್ಟ್ ಬೇಕು. ಆದರೆ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆಯನ್ನೇ ತೆಗೆದಿದ್ದರೆ ಲೆಕ್ಕ ಉಲ್ಟಾ, ಅಲ್ಲಿ ಬೇಗ ಕಾಲು ಬಳಸಲು ಶುರು ಮಾಡಿಸಬೇಕು, ಸುಮ್ನೆ ಮಲಗಿಸಿದರೆ ಕೀಲು ಬಿಗಿದುಕೊಳ್ಳುತ್ತದೆ. ಪಕ್ಕದ ಮನೆ ನಾಯಿಗೆ ಹೇಳಿದ್ದು ನಿಮ್ಮ ನಾಯಿಗೆ ಸರಿಹೋಗದೇ ಇರುವುದು ಇದಕ್ಕೇ.

ನಾಯಿ ಮನೆಗೆ ಬರುವ ಮೊದಲು ನೆಲ ನೋಡಿ. ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಮನೆಗಳ ಟೈಲ್ಸ್, ಎರಡೂ ಜಾರುತ್ತವೆ. ಹಿಂಗಾಲು ಒಂದೇ ಒಂದು ಸಲ ಅಗಲಕ್ಕೆ ಜಾರಿದರೆ ಸಾಕು, ಮತ್ತೆ ಆಪರೇಷನ್ ಟೇಬಲ್ಲಿಗೆ ಹೋಗಬೇಕಾಗಬಹುದು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟೋ ಯೋಗಾ ಮ್ಯಾಟೋ ಹಾಸಿ. ಬರೀ ಬೆಡ್‌ಶೀಟ್ ಹಾಸಬೇಡಿ, ಅದು ನಾಯಿಯ ಜೊತೆಗೇ ಜಾರುತ್ತದೆ. ಉಗುರು ಬೆಳೆದಿದ್ದರೆ, ಪಾದದ ಅಡಿ ಕೂದಲು ಬಂದಿದ್ದರೆ ಕತ್ತರಿಸಿ. ಸೋಫಾ, ಮಂಚ, ಮೆಟ್ಟಿಲು ಮೂರೂ ಬಂದ್. ದೊಡ್ಡ ಕ್ರೇಟ್ (ನಾಯಿಯ ಪಂಜರ) ಇಲ್ಲದಿದ್ದರೆ ಹಾಲ್‌ನ ಒಂದು ಮೂಲೆಗೆ ಅಡ್ಡ ಕಟ್ಟಿ ಜಾಗ ಮಾಡಿಕೊಡಿ. ಮನೆ ಮಂದಿ ಕಣ್ಣಿಗೆ ಬೀಳುತ್ತಿದ್ದರೆ ನಾಯಿಗೂ ಬೇಜಾರು ಕಡಿಮೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು 10ರಿಂದ 14 ದಿನ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿರುವ ಲಾಳಿಕೆಯಂಥ ಕಾಲರ್ ತೆಗೆಯಬೇಡಿ. "ಪಾಪ, ಕಿರಿಕಿರಿ ಆಗುತ್ತೆ" ಅಂತ ರಾತ್ರಿ ತೆಗೆದರೆ ಬೆಳಗಾಗುವಷ್ಟರಲ್ಲಿ ಗಾಯ ನೆಕ್ಕಿ ಬಿಚ್ಚಿಟ್ಟಿರುತ್ತದೆ.

ಮೊದಲ ಎರಡು ಮೂರು ದಿನ ಊತಕ್ಕೆ ಐಸ್. ಕವರ್‌ನಲ್ಲಿ ಐಸ್ ಹಾಕಿ, ತೆಳು ಟವೆಲ್ ಸುತ್ತಿ, ಒಂದು ಸಲಕ್ಕೆ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಗಾಯ ಒದ್ದೆ ಆಗಬಾರದು. ಬಿಸಿ ಶಾಖ ಕೊಡುವುದು ಊತ ಇಳಿದ ಮೇಲೆ, ಅದೂ ನಿಮ್ಮ ಕೈಗೆ ಹಿತವೆನಿಸುವಷ್ಟೇ ಬಿಸಿ.

ಮೂತ್ರಕ್ಕೆ ಕರೆದೊಯ್ಯುವಾಗ ಹಿಂಗಾಲಿನ ಆಪರೇಷನ್ ಆಗಿದ್ದರೆ ಹೊಟ್ಟೆಯ ಅಡಿ, ತೊಡೆಗಳ ಸ್ವಲ್ಪ ಮುಂದೆ, ಸ್ನಾನದ ಟವೆಲ್ ಹಾಯಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ನಾಯಿಯನ್ನು ಎತ್ತಬೇಡಿ, ಬಿದ್ದರೆ ಹಿಡಿಯಲು ಇರುವಷ್ಟು ಬಿಗಿ ಸಾಕು. ಜಾಸ್ತಿ ಎತ್ತಿದರೆ ಹಿಂಗಾಲು ಎರಡೂ ಗಾಳಿಯಲ್ಲಿ, ಆಗ ಅದು ಕಾಲೂರುವುದು ಎಲ್ಲಿಂದ ಬಂತು?

ಇನ್ನು ಕೀಲು ಆಡಿಸುವ ವ್ಯಾಯಾಮ. ಇದನ್ನು ಡಾಕ್ಟರ್ ನಿಮ್ಮ ನಾಯಿಯ ಮೇಲೇ ಒಂದು ಸಲ ಮಾಡಿ ತೋರಿಸಲಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಾಯಿಯನ್ನು ಒಳ್ಳೆಯ ಕಾಲು ಕೆಳಗೆ ಬರುವಂತೆ ಪಕ್ಕಕ್ಕೆ ಮಲಗಿಸಿ. ಒಂದು ಕೈ ಕೀಲಿನ ಮೇಲ್ಭಾಗಕ್ಕೆ, ಇನ್ನೊಂದು ಕೆಳಭಾಗಕ್ಕೆ. ಮೆಲ್ಲಗೆ ಮಡಚುತ್ತಾ ಹೋಗಿ, ಬಿಗಿ ಬಂದ ಕಡೆ ನಿಲ್ಲಿಸಿ, ಒಂದೆರಡು ಸೆಕೆಂಡ್ ಹಾಗೇ ಹಿಡಿದು ಅಷ್ಟೇ ಮೆಲ್ಲಗೆ ಚಾಚಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕಣ್ಣು ಮಾತ್ರ ಕಾಲಿನ ಮೇಲಲ್ಲ, ಮುಖದ ಮೇಲಿರಲಿ. ಕಿರುಚುವ ಎಷ್ಟೋ ಮೊದಲೇ ನಾಯಿ ಹೇಳಿರುತ್ತದೆ: ತುಟಿ ನೆಕ್ಕಿಕೊಳ್ಳುತ್ತದೆ, ಏದುಸಿರು ಇದ್ದದ್ದು ಗಕ್ಕನೆ ನಿಲ್ಲುತ್ತದೆ, ತಲೆ ತಿರುಗಿಸಿ ನಿಮ್ಮ ಕೈ ನೋಡುತ್ತದೆ, ತೊಡೆ ನಿಮ್ಮ ಬೆರಳ ಅಡಿಯಲ್ಲೇ ಗಟ್ಟಿಯಾಗುತ್ತದೆ. ಇವತ್ತಿಗೆ ಅಲ್ಲಿಗೇ ಸಾಕು. ಜಗ್ಗಿ ಮಡಚಿದರೆ ನಾಳೆ ನೀವು ಹತ್ತಿರ ಬಂದರೇ ಅದು ಎದ್ದು ಹೋಗುತ್ತದೆ.

ಲಿಗಮೆಂಟ್ ಅಥವಾ ಪ್ಲೇಟ್ ಕೇಸಿನಲ್ಲಿ ನಡಿಗೆ ಶುರುವಾಗುವುದು ದಿನಕ್ಕೆ ಮೂರು ಸಲ, ಐದೈದು ನಿಮಿಷದಿಂದ. ಚಿಕ್ಕ ಬೆಲ್ಟ್, ನಾಯಿ ನಿಮ್ಮ ಮೊಣಕಾಲ ಪಕ್ಕದಲ್ಲೇ ಇರಬೇಕು. ಪ್ರತಿ ಹೆಜ್ಜೆಗೂ ನಾಲ್ಕೂ ಪಾದ ನೆಲ ಮುಟ್ಟುವಷ್ಟು ನಿಧಾನ. ನಿಮಗೇ ಬೋರ್ ಹೊಡೆಯುತ್ತಿದ್ದರೆ ವೇಗ ಸರಿಯಾಗಿದೆ ಅಂತ. ವಾರಕ್ಕೊಮ್ಮೆ ಕೆಲವು ನಿಮಿಷ ಹೆಚ್ಚಿಸಿ. ಮಾರನೇ ದಿನ ಕುಂಟು ಜಾಸ್ತಿಯಾದರೆ ಹಿಂದಿನ ವಾರದ ಲೆಕ್ಕಕ್ಕೇ ವಾಪಸ್. ಬೀದಿ ನಾಯಿ ಕಾಟವಿರುವ ರಸ್ತೆ ಬೇಡ, ಕಾಂಪೌಂಡ್ ಒಳಗೇ ನಡೆಸಿದರೂ ನಡೆಯುತ್ತದೆ. ಮಂಡ್ಯ ಕಡೆ ಹೊಲಮನೆಯಲ್ಲಿ ಬಿಟ್ಟು ಸಾಕಿದ ನಾಯಿಯಾದರೆ ಕಟ್ಟಿಹಾಕುವುದೇ ಕಷ್ಟ ಅಂತ ನನಗೂ ಗೊತ್ತು, ಆದರೆ ಕಬ್ಬಿನ ಗದ್ದೆಯಲ್ಲಿ ಒಂದು ಮುಂಗುಸಿ ಕಂಡರೆ ಅಷ್ಟೂ ವಾರದ ಕೆಲಸ ಒಂದೇ ನೆಗೆತಕ್ಕೆ ಹೋಗುತ್ತದೆ.

ಆರರಿಂದ ಎಂಟು ವಾರಕ್ಕೆ ಸಾಮಾನ್ಯವಾಗಿ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಮರಿಗಳಲ್ಲಿ ಮೂಳೆ ಬೇಗ ಕೂಡುತ್ತದೆ, ವಯಸ್ಸಾದವಕ್ಕೆ ತಡ. ಕೂಡಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಬಲ ತುಂಬುವ ಕೆಲಸ. ಕೂತು ಏಳಿಸುವುದು, ಐದು ಸಲ, ಎರಡೂ ತೊಡೆ ಸಮವಾಗಿ ಮಡಚಿ ನೇರ ಕೂರುವ ಹಾಗೆ ನೋಡಿಕೊಳ್ಳಿ, ಕಾಲು ಪಕ್ಕಕ್ಕೆ ಚಾಚಿ ಕೂತರೆ ಲೆಕ್ಕಕ್ಕಿಲ್ಲ. ಎರಡು ಮೂರು ಕೋಲನ್ನು ನೆಲದ ಮೇಲೆ ಸಾಲಾಗಿಟ್ಟು ಒಂದೊಂದಾಗಿ ದಾಟಿಸಿ. ಆಮೇಲೆ ಸಣ್ಣ ಏರು. ಚಾಮುಂಡಿ ಬೆಟ್ಟದ ಮೆಟ್ಟಿಲಂತೂ ಈ ಹಂತದಲ್ಲಿ ಬೇಡವೇ ಬೇಡ. ಈಜು ಒಳ್ಳೆಯದು ಅಂತ ಕೇಳಿ ಕೆಲವರು ನಾಲೆಗೆ ಇಳಿಸುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾಲೆಯ ದಡ ಜಾರುತ್ತದೆ, ನೀರಿಗೆ ಸೆಳೆತವಿದೆ, ನಾಯಿ ಹೆದರಿ ಒದ್ದಾಡುತ್ತದೆ. ನೀರಿನ ಚಿಕಿತ್ಸೆ ಅಂದರೆ ಗಾಯ ಪೂರ್ತಿ ಒಣಗಿದ ಮೇಲೆ, ನಿಂತ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿ, ಜನ ಹಿಡಿದುಕೊಂಡು ಮಾಡಿಸುವಂಥದ್ದು.

ಒಂದು ಟೇಪ್ ತಗೊಂಡು ಎರಡೂ ತೊಡೆಯ ಸುತ್ತಳತೆ ಒಂದೇ ಜಾಗದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಕಣ್ಣಿಗೆ ಕಾಣದ ವ್ಯತ್ಯಾಸ ಟೇಪಿಗೆ ಸಿಗುತ್ತದೆ. ಊಟವನ್ನೂ ಸ್ವಲ್ಪ ಇಳಿಸಿ. ಮಲಗಿರುವ ನಾಯಿಗೆ ಮೊದಲಿನಷ್ಟೇ ಅನ್ನ, ಮುದ್ದೆ ಹಾಕಿದರೆ ಏರಿದ ತೂಕವೆಲ್ಲ ಆ ಕಾಲಿನ ಮೇಲೇ ಬೀಳುತ್ತದೆ.

ನಿಮ್ಮ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಜೀವ ತೆಗೆಯಬಲ್ಲದು. ನಾಟಿ ಎಣ್ಣೆ ಹಚ್ಚಿ ಬಿದಿರು ದಬ್ಬೆ ಕಟ್ಟಿಸುವುದೂ ಬೇಡ. ಒಳಗೆ ಪ್ಲೇಟ್ ಇರುವ ಕಾಲಿಗೆ ಬಿಗಿ ಕಟ್ಟು ಬಿದ್ದರೆ ರಕ್ತ ಓಡಾಟ ನಿಂತು ಪಾದವೇ ಹೋಗಬಹುದು.

ಆಪರೇಷನ್ ದಸರಾ, ದೀಪಾವಳಿ ಆಸುಪಾಸಿನಲ್ಲಿ ಆಗಿದ್ದರೆ ಪಟಾಕಿ ಸದ್ದಿಗೆ ಮೊದಲೇ ತಯಾರಾಗಿ. ಅರಮನೆ ಹತ್ತಿರ ಮನೆಯಿದ್ದರೆ ಜಂಬೂಸವಾರಿ ದಿನದ 21 ಕುಶಾಲತೋಪಿನ ಸದ್ದೂ ಇರುತ್ತದೆ, ಅದಕ್ಕೂ ಮೊದಲು ತಾಲೀಮಿನ ಸದ್ದು ಬೇರೆ. ಒಳಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಪಕ್ಕದಲ್ಲಿ ಒಬ್ಬರು ಕೂತಿರಿ. ತುಂಬಾ ಹೆದರುವ ನಾಯಿಯಾದರೆ ಔಷಧಿ ಬೇಕಾ ಅಂತ ಡಾಕ್ಟರನ್ನು ವಾರದ ಮೊದಲೇ ಕೇಳಿ.

ಬೆಕ್ಕಾದರೆ ಬೆಲ್ಟ್ ಕಟ್ಟಿ ನಡೆಸುವ ಆಸೆ ಬಿಡಿ. ಹತ್ತಿ ಹಾರಲು ಎತ್ತರದ ಜಾಗವೇನೂ ಇಲ್ಲದ ಒಂದು ಸಣ್ಣ ಕೋಣೆ, ಅಂಚು ತಗ್ಗಿರುವ ಮರಳಿನ ಟ್ರೇ, ಊಟದ ಬಟ್ಟಲನ್ನು ದಿನಾ ಸ್ವಲ್ಪ ಸ್ವಲ್ಪ ದೂರಕ್ಕೆ ಸರಿಸುವುದು, ಇಷ್ಟೇ ಅದರ ವ್ಯಾಯಾಮ.

ಊರುತ್ತಿದ್ದ ಕಾಲನ್ನು ಇದ್ದಕ್ಕಿದ್ದಂತೆ ಎತ್ತಿಬಿಟ್ಟರೆ, ಬ್ಯಾಂಡೇಜ್ ಕೆಳಗಿನ ಬೆರಳು ಊದಿದರೆ ಅಥವಾ ತಣ್ಣಗಾದರೆ, ವಾಸನೆ ಬಂದರೆ, ಗಾಯದಿಂದ ನೀರೋ ಕೀವೋ ಸುರಿದರೆ, ಊಟ ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕರೆದೊಯ್ಯುವಾಗ ಆಟೋಗೆ ಹಾರಿಸಬೇಡಿ, ಕಂಬಳಿಯ ಮೇಲೆ ಮಲಗಿಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಿಕೊಳ್ಳಿ. ಬರೆದಿಟ್ಟ ತೊಡೆಯ ಅಳತೆ, ಅದು ನಡೆಯುವ ವಿಡಿಯೋ ಎರಡನ್ನೂ ಒಯ್ಯಿರಿ. ಆಸ್ಪತ್ರೆಯಲ್ಲಿ ಗಾಬರಿಗೆ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತು ನಿಲ್ಲುತ್ತವೆ, ಮನೆಯಲ್ಲಿ ಹೇಗೆ ನಡೆಯುತ್ತಿತ್ತು ಅಂತ ಡಾಕ್ಟರಿಗೆ ಗೊತ್ತಾಗುವುದು ಆ ವಿಡಿಯೋದಿಂದಲೇ.